ಗೋಣಿಯೊಳಗಿನ ಸರಳು

ಆರ್ವಿಡ್‌ನ ತಮ್ಮ ಲೊವೆಲ್ ಒಂಬತ್ತು ಗಂಟೆಗೆ ಬರುತ್ತೇನೆ ಎಂದಿದ್ದ. ಈ ಕಡೆಯ ಜನಕ್ಕೆ ಒಂಬತ್ತೆಂದರೆ ಎಂಟೂ ಮುಕ್ಕಾಲು. ಸರಿಯಾದ ಹೊತ್ತಿಗೆ ಬಂದವನನ್ನು ತಡವಾಗಿ ಬಂದವನೆಂದೇ ತಿಳಿಯುತ್ತಾರೆ. ಆದ್ದರಿಂದ ಆರ್ವಿಡ್ ಎಂಟೂವರೆಗೇ ಶೆಡ್ಡಿಗೆ ಹೋಗಿ, ಹುಲ್ಲು ಕತ್ತರಿಸುವ ಯಂತ್ರದ ಹಿಂದೆ, ಹಳೆಯ ಕಿಟಕಿ ಚೌಕಟ್ಟುಗಳ ಸಂದಿಗೆ ಕೈ ತೂರಿಸಿ ಗೋಣಿಚೀಲವನ್ನು ಎಳೆದ. ಮೂರು ವರ್ಷದಿಂದ ಅದನ್ನು ಕಣ್ಣಿಂದ ನೋಡಿರಲಿಲ್ಲ. ಅಲ್ಲಿದೆ ಎಂಬುದನ್ನು ಮಾತ್ರ ಒಂದು ದಿನವೂ ಮರೆತಿರಲಿಲ್ಲ. ಎತ್ತಿದ ಕೂಡಲೇ ಕೈ ತಾನಾಗಿ ಹೇಳಿತು: ಒಂಬತ್ತೂವರೆ ಪೌಂಡು. ಊರಿನ ಧಾನ್ಯದ ಉಗ್ರಾಣದಲ್ಲಿ ಮೂವತ್ತೆಂಟು ವರ್ಷ ಲಾರಿ ತೂಗುವ ವೇಬ್ರಿಡ್ಜಿನ ಮುಂದೆ ಕೂತವನಿಗೆ ಏನನ್ನು ಮುಟ್ಟಿದರೂ ತೂಕ ಹೇಳುವ ಚಟ ಅಂಟಿಕೊಂಡಿತ್ತು. ಮಗುವನ್ನು ಎತ್ತಿಕೊಟ್ಟರೂ ಹೇಳುತ್ತಿದ್ದ, ಹಂದಿಯ ತೊಡೆ ಕೊಟ್ಟರೂ ಹೇಳುತ್ತಿದ್ದ. ತಮ್ಮನ ಹೆಂಡತಿ ವಿವಿಯನ್‌ಳ ಶವಪೆಟ್ಟಿಗೆಗೆ ಕೈಕೊಟ್ಟಾಗಲೂ, ಬೇಡ ಬೇಡವೆಂದರೂ, ತಲೆಯೊಳಗೆ ಒಂದು ಅಂಕಿ ಬಂದು ನಿಂತಿತ್ತು. ಆ ಅಂಕಿಯನ್ನು ಅವನು ಯಾರಿಗೂ ಹೇಳಿಲ್ಲ.

ಚೀಲದ ಬಾಯಿ ಬಿಚ್ಚಿ ನೋಡಿದ. ಸರಳಿಗೆ ತುಕ್ಕು ಹತ್ತಿತ್ತು, ಹಿಡಿಯ ಕಪ್ಪು ಬಣ್ಣ ಅಲ್ಲಲ್ಲಿ ಉದುರಿತ್ತು. ಇಷ್ಟೇ ಇಷ್ಟು ಸಾಮಾನು. ಒಂದು ತುದಿಯನ್ನು ಪಿಕಪ್ಪಿನ ಹಿಂದಿನ ಕೊಂಡಿಗೆ ಸಿಕ್ಕಿಸಬೇಕು, ಇನ್ನೊಂದನ್ನು ಅದು ಎಳೆದೊಯ್ಯುವ ಪುಟ್ಟ ಮನೆಗಾಡಿಯ, ಅಂದರೆ ಟ್ರೇಲರಿನ, ಮುಂಚಾಚಿದ ಮೂಕಿಗೆ. ಹಿಡಿ ತಿರುಗಿಸಿ ಬಿಗಿ ಮಾಡಬೇಕು. ಬಯಲಿನ ಗಾಳಿ ಪಕ್ಕೆಗೆ ಹೊಡೆದಾಗ, ದೊಡ್ಡ ಲಾರಿ ಒರೆಸಿಕೊಂಡು ಹೋದಾಗ, ಟ್ರೇಲರು ಬಾಲ ಬೀಸಲು ಶುರುಮಾಡುತ್ತದಲ್ಲ, ಆಗ ಈ ಸರಳು ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಿಂದಕ್ಕೆ ತೆಗೆಯುವಾಗ ಮಾತ್ರ ಇದನ್ನು ಬಿಚ್ಚಿಡಬೇಕು, ಇಲ್ಲದಿದ್ದರೆ ಬಾಗಿಹೋಗುತ್ತದೆ. ಬಿಚ್ಚಿದ್ದನ್ನು ಮತ್ತೆ ಹಾಕಬೇಕು. ಹಾಕಬೇಕು ಎಂಬುದನ್ನು ಆರ್ವಿಡ್ ಎಷ್ಟು ಜನಕ್ಕೆ ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡ. ಹೀಗೆ ಅಂದುಕೊಂಡ ದಿನಗಳು ಹಿಂದೆಯೂ ಇದ್ದವು, ಆದರೆ ಗೋಣಿಯನ್ನು ಹೊರಗೆ ತೆಗೆದದ್ದು ಇದೇ ಮೊದಲು.

ಹೆಂಡತಿ ಮಾರ್ಲಿಸ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಕೈಗವುಸು ತಗೊಂಡ್ಯಾ? ಏಪ್ರಿಲ್ ಬಂತು ಅಂತ ನಂಬ್ಕೊಂಡು ಹೋಗ್ಬೇಡ." ತಗೊಂಡೆ ಎಂದು ಅವನು ಜೇಬು ತಟ್ಟಿ ತೋರಿಸಿದ. ಲೊವೆಲ್‌ನ ಪಿಕಪ್ಪು ಅಷ್ಟರಲ್ಲಿ ಅಂಗಳದಲ್ಲಿತ್ತು. ಆರ್ವಿಡ್ ಹತ್ತಿ ಕೂತು ಗೋಣಿಯನ್ನು ಕಾಲಬುಡದಲ್ಲಿಟ್ಟುಕೊಂಡ.

"ಏನದು?" ಎಂದ ಲೊವೆಲ್.

"ಹಳೇ ಕಬ್ಬಿಣ. ಟ್ವೈಲಾಗೆ ಕೊಡೋಣ ಅಂತ."

"ನೀನು ಕಬ್ಬಿಣ ಹೊರಗೆ ಕೊಡೋದು ಅಂದ್ರೆ ಲೋಕ ಮುಳುಗೋ ಕಾಲ ಬಂತು ಬಿಡು."

ಟ್ವೈಲಾಳ ಕೊಂಡಿ ಅಂಗಡಿಗೆ ಇಪ್ಪತ್ತು ಮೈಲಿ. ಎರಡೂ ಕಡೆ ಇನ್ನೂ ಬಿತ್ತನೆಯಾಗದ ಕಪ್ಪು ಹೊಲ, ನೇರವಾದ ರಸ್ತೆ, ಒಂದೊಂದು ಮೈಲಿಗೆ ಒಂದೊಂದು ಅಡ್ಡರಸ್ತೆ. ಗಾಳಿ ಇದೆ ಎಂದ ಲೊವೆಲ್. ಇದೆ ಎಂದ ಆರ್ವಿಡ್. ನಿನ್ನೆಗಿಂತ ಕಮ್ಮಿ. ಹೂಂ, ನಿನ್ನೆ ಜಾಸ್ತಿ ಇತ್ತು. ಅಣ್ಣತಮ್ಮಂದಿರು ಅರವತ್ತು ವರ್ಷದಿಂದ ಗಾಳಿಯ ಮೇಲೇ ಮಾತಾಡಿಕೊಂಡು ಬಂದಿದ್ದರು, ಬೇರೆ ಏನಾದರೂ ಹೇಳಬೇಕಾದಾಗಲೂ ಗಾಳಿಯನ್ನೇ ಹೇಳುತ್ತಿದ್ದರು. ತಮ್ಮನ ಕಿವಿಯ ಮೇಲಿನ ಗಾಯದ ಗುರುತನ್ನು ಆರ್ವಿಡ್ ಓರೆಗಣ್ಣಲ್ಲಿ ನೋಡಿದ. ಅಲ್ಲಿ ಕೂದಲು ಮತ್ತೆ ಬಂದೇ ಇಲ್ಲ. ಮೂರು ವರ್ಷದ ಹಿಂದೆ ಹೆದ್ದಾರಿಯಲ್ಲಿ ಟ್ರೇಲರು ಮಗುಚಿದಾಗ ಬಿದ್ದ ಆ ಪೆಟ್ಟು ಲೊವೆಲ್‌ನಿಂದ ಆ ಇಡೀ ದಿನವನ್ನು ಒರೆಸಿಹಾಕಿತ್ತು: ಎದ್ದದ್ದು, ಕಾಫಿ ಕುಡಿದದ್ದು, ಅಣ್ಣನ ಮನೆಗೆ ಬಂದದ್ದು, ಹೊರಟದ್ದು, ಏನೂ ನೆನಪಿಲ್ಲ. ಆಸ್ಪತ್ರೆಯಲ್ಲಿ ಕಣ್ಣುಬಿಟ್ಟ ಮೂರನೆಯ ದಿನ ಅವನು ಮೊದಲು ಹೆಂಡತಿಯನ್ನು ಕೇಳಿದ, ಆಮೇಲೆ ಪೊಲೀಸಿನವನ ವರದಿಯನ್ನು ಕೈಯಲ್ಲಿ ಹಿಡಿದು, "ಸರಳು ಹಾಕಿರಲಿಲ್ಲ ಅಂತ ಬರೆದಿದ್ದಾರೆ. ನಾನು ಹಾಕಿದ್ನೋ ಇಲ್ವೋ ಆರ್ವಿಡ್?" ಎಂದು ಕೇಳಿದ. ಆರ್ವಿಡ್ ಕಿಟಕಿಯ ಕಡೆ ನೋಡುತ್ತ, "ಗೊತ್ತಿಲ್ಲ ಕಣೋ, ನಾನು ನೋಡ್ಲಿಲ್ಲ" ಎಂದ. ಹಾಗೆ ಎಂದದ್ದು ನಾಲಿಗೆ, ತಾನಲ್ಲ ಎಂದು ಬಹಳ ದಿನ ಸಮಾಧಾನ ಮಾಡಿಕೊಂಡ. ಆದರೆ ನಾಲಿಗೆ ಯಾರದ್ದು?

"ಯಾಕೆ ಮತ್ತೆ ಟ್ರೇಲರು ತಗೊಂಡೆ ಅಂತ ನೀನು ಕೇಳ್ಲೇ ಇಲ್ಲ," ಎಂದ ಲೊವೆಲ್.

"ಕೇಳೋದೇನಿದೆ."

"ಅವಳು ಬೆಟ್ಟ ನೋಡ್ಬೇಕು ಅಂದಿದ್ಲು. ಅರ್ಧಕ್ಕೆ ನಿಂತುಹೋಯ್ತು. ಅದೇ ದಾರೀಲಿ ಹೋಗಿ, ಒಂದು ಸಲ ನೋಡಿ ಬರ್ತೀನಿ. ಆಮೇಲೆ ಮಾರಿಬಿಡ್ತೀನಿ."

ಅದೇ ದಾರಿ. ಮಿಸ್ಸೂರಿ ನದಿ ದಾಟಿದ ಮೇಲೆ ರಸ್ತೆ ದಿಬ್ಬ ಹತ್ತುತ್ತದೆ, ಹತ್ತಿದ ಕೂಡಲೇ ಮರವೊಂದೂ ಇಲ್ಲದ ಬಯಲು, ದಕ್ಷಿಣದಿಂದ ಬರುವ ಗಾಳಿಗೆ ಅಡ್ಡವಿಲ್ಲ. ಆರ್ವಿಡ್ ಆ ಜಾಗವನ್ನು ನೋಡಲು ಒಬ್ಬನೇ ಒಮ್ಮೆ ಹೋಗಿದ್ದ. ಮಾರ್ಲಿಸ್‌ಗೆ ಟ್ರ್ಯಾಕ್ಟರಿನ ಬಿಡಿಭಾಗ ತರಲು ಹೋಗುತ್ತೇನೆಂದು ಹೇಳಿದ್ದ. ರಸ್ತೆಬದಿಯಲ್ಲಿ ಹುಲ್ಲು ಬಿಟ್ಟು ಏನೂ ಇರಲಿಲ್ಲ. ಸ್ವಲ್ಪ ಹೊತ್ತು ನಿಂತು, ಪೇಟೆಯಲ್ಲಿ ಬೇಡದ ಒಂದು ಫ್ಯಾನ್ ಬೆಲ್ಟು ಕೊಂಡು ವಾಪಸು ಬಂದ.

ಗೋಣಿ ತಿರುವಿನಲ್ಲಿ ಉರುಳಿ ಅವನ ಹಿಮ್ಮಡಿಗೆ ತಾಗಿತು. ಆ ಸೆಪ್ಟೆಂಬರಿನ ಬೆಳಿಗ್ಗೆ ಗಾಳಿಯೇ ಇರಲಿಲ್ಲ. ಹೇಳಿಹೋಗಲು ಬಂದ ಲೊವೆಲ್, ವಿವಿಯನ್ ಇಬ್ಬರೂ ಟ್ರೇಲರಿನ ಸಮೇತ ಅಂಗಳಕ್ಕೆ ನುಗ್ಗಿದ್ದರು. ಅಂಗಳ ಕಿರಿದು, ಹಿಂದಕ್ಕೇ ತೆಗೆಯಬೇಕು. "ನಾನು ಸರಳು ಬಿಚ್ತೀನಿ, ನೀನು ಸ್ಟಿಯರಿಂಗ್ ಹಿಡಿ, ರಸ್ತೆಗೆ ಹೋದ ಮೇಲೆ ನಾನೇ ಹಾಕ್ತೀನಿ," ಎಂದವನು ಆರ್ವಿಡ್. ಆ ವಾರವಿಡೀ ತಮ್ಮನಿಗೆ ಪಾಠ ಹೇಳಿದವನೂ ಅವನೇ: ಭಾರವನ್ನೆಲ್ಲ ಮುಂದಕ್ಕೆ ತುಂಬು, ಹಿಂಭಾರವಾದರೆ ಕೆಟ್ಟೆ, ಸರಳಿಲ್ಲದೆ ಹೆದ್ದಾರಿಗೆ ಹೋಗಬೇಡ. ಬಿಚ್ಚಿ ಲೈಲಾಕ್ ಗಿಡದ ಬುಡದಲ್ಲಿ ಇಟ್ಟ. ಟ್ರೇಲರಿನ ಹಿಂದೆ ನಿಂತು ಕೈಸನ್ನೆ ಮಾಡಿದ, ಗೆರೆ ಎಳೆದ ಹಾಗೆ ರಸ್ತೆಗೆ ತಂದ. ಆಮೇಲೆ ಹೋಗಿಬರುತ್ತೇವೆ ಎನ್ನುವ ಶಾಸ್ತ್ರ ಶುರುವಾಯಿತು. ಇಲ್ಲಿ ಹೋಗಿಬರುತ್ತೇನೆ ಅಂದವನು ಹೋಗಲು ಒಂದು ಗಂಟೆ ಬೇಕು. ಬಾಗಿಲಲ್ಲಿ ಒಮ್ಮೆ, ಮೆಟ್ಟಿಲಲ್ಲಿ ಒಮ್ಮೆ, ಗಾಡಿಯ ಕಿಟಕಿಗೆ ಮೊಳಕೈ ಊರಿ ಮತ್ತೊಮ್ಮೆ. ಮುಖ್ಯವಾದ ಮಾತೆಲ್ಲ ಎಂಜಿನ್ ಶುರುವಾದ ಮೇಲೇ ನೆನಪಾಗುವುದು. ವಿವಿಯನ್ ಕಿಟಕಿ ಇಳಿಸಿ, ಚರ್ಚಿನ ಊಟಕ್ಕೆ ಯಾರು ಯಾವ ಪಾತ್ರೆ ತಂದಿದ್ದರು ಎಂಬುದನ್ನು ಮಾರ್ಲಿಸ್‌ಗೆ ಒಪ್ಪಿಸಿದಳು. ಮಾರ್ಲಿಸ್ ಒಳಗೆ ಓಡಿ, ದಾರಿಗೆಂದು ಕಾಫಿ ಫ್ಲಾಸ್ಕು ತಂದಳು. ವಿವಿಯನ್ ಒಂದು ಡಬ್ಬ ತುಂಬ ಕುಂಬಳಕಾಯಿ ಬಾರ್ ಎಂಬ ಸಿಹಿತಿಂಡಿ ಕೊಟ್ಟಳು, ಬೆಳಿಗ್ಗೆ ಐದಕ್ಕೆ ಎದ್ದು ಬೇಯಿಸಿದ್ದಂತೆ. ಅಷ್ಟರಲ್ಲಿ ಅಂಚೆ ಹಂಚುವವನು ಬಂದು ನಿಂತ. ಅವನ ಮುಂದೆ ಲೊವೆಲ್ ಹಿಮದ ಕಥೆ ತೆಗೆದ.

ಹಿಮದ ಕಥೆ ಇಷ್ಟೇ. ಇಪ್ಪತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಆರ್ವಿಡ್ ವೇಬ್ರಿಡ್ಜಿನ ಮೇಲಿನ ಹಿಮ ಗುಡಿಸದೆ ಆರು ಲಾರಿ ಜೋಳ ತೂಗಿದ. ತುಂಬಿದ ಲಾರಿ ತೂಗುವಾಗಲೂ ಅದೇ ಹಿಮ, ಖಾಲಿ ಲಾರಿ ತೂಗುವಾಗಲೂ ಅದೇ ಹಿಮ, ಕಳೆದರೆ ಸರಿಹೋಗುತ್ತದೆ, ಯಾರಿಗೂ ಒಂದು ಕಾಳು ನಷ್ಟವಿಲ್ಲ ಎಂದು ಅವನು ವಿವರಿಸಿದಷ್ಟೂ ಜನ ನಕ್ಕರು. ಹಿಮವನ್ನು ಜೋಳದ ಲೆಕ್ಕದಲ್ಲಿ ತೂಗಿದವನು ಎಂದು ಹೆಸರಾಯಿತು. ಲೊವೆಲ್ ಅದನ್ನು ಮದುವೆಗಳಲ್ಲಿ ಹೇಳಿದ, ತಿಥಿಯೂಟಗಳಲ್ಲಿ ಹೇಳಿದ, ಆ ದಿನ ಅಂಚೆಯವನ ಮುಂದೂ ಹೇಳಿದ. ಪ್ರೀತಿಯಿಂದಲೇ ಹೇಳುತ್ತಿದ್ದ, ಅದು ಆರ್ವಿಡ್‌ಗೂ ಗೊತ್ತು. ಆದರೂ ಮುಖ ಬಿಸಿಯಾಯಿತು. ಎಲ್ಲರ ಜೊತೆ ತಾನೂ ನಕ್ಕ. ನಗುತ್ತ ನಗುತ್ತ, ಖಾಲಿ ಲಾರಿಯ ಲೆಕ್ಕವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಮಾಡಿದ. ಹಾಗೆ ಲೆಕ್ಕ ಮಾಡುತ್ತಿರುವಾಗಲೇ ಪಿಕಪ್ಪು ಹೊರಟಿತು. ಕಣ್ಣಿಗೆ ಕಾಣುವಷ್ಟು ದೂರ ಎಲ್ಲರೂ ಕೈಬೀಸಿದರು.

ಹತ್ತೂ ಹತ್ತಕ್ಕೆ ಅವನು ಲೈಲಾಕ್ ಗಿಡದ ಬುಡದಲ್ಲಿ ಸರಳನ್ನು ನೋಡಿದ. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಸರಳನ್ನು ಕೈಯಲ್ಲಿ ಹಿಡಿದೇ ಅಡುಗೆಮನೆಗೆ ಬಂದು, ಗೋಡೆಯ ಫೋನೆತ್ತಿ, ಮೇಲಿದ್ದ ಗಡಿಯಾರ ನೋಡಿದ. ಲೊವೆಲ್‌ನ ಮೊಬೈಲು ನಂಬರು ಫ್ರಿಜ್ಜಿನ ಮೇಲೆ ಅಂಟಿಸಿತ್ತು. ಮೂರು ಅಂಕಿ ಒತ್ತಿದ. ಆಗ ತಮ್ಮನ ನಗು ಕಿವಿಗೆ ಬಿತ್ತು, ಇನ್ನೂ ಫೋನೇ ಹೋಗಿರಲಿಲ್ಲ. ಇನ್ನು ಮುಂದೆ ಹಿಮದ ಕಥೆಗೆ ಒಂದು ಬಾಲ ಅಂಟುತ್ತದೆ: ವಾರವಿಡೀ ಪಾಠ ಹೇಳಿ, ಕೊನೆಗೆ ಸರಳನ್ನು ಹೂಗಿಡಕ್ಕೆ ಕೊಟ್ಟು ಕಳಿಸಿದವನು. ಹೊರಗೆ ಎಲೆ ಅಲ್ಲಾಡುತ್ತಿರಲಿಲ್ಲ. ಇಂಥ ದಿನ ಸರಳು ಇದ್ದರೇನು ಇಲ್ಲದಿದ್ದರೇನು. ಅವರು ತಲುಪಿದ ಮೇಲೆ ಹೇಳಿದರಾಯಿತು, ವಾಪಸು ಬರುವುದರೊಳಗೆ ಪಾರ್ಸೆಲ್ ಮಾಡಿದರಾಯಿತು. ಫೋನಿಟ್ಟ. ಮಧ್ಯಾಹ್ನ ಊಟವಾದ ಮೇಲೆ ವಿವಿಯನ್‌ಳ ಕುಂಬಳಕಾಯಿ ಬಾರ್ ಎರಡು ತಿಂದ, ಚೆನ್ನಾಗಿದೆ ಎಂದು ಮಾರ್ಲಿಸ್‌ಗೆ ಹೇಳಿದ. ಎರಡಕ್ಕೆ ಕಾಲು ಗಂಟೆ ಇರುವಾಗ ನದಿಯಾಚೆಯ ಬಯಲಲ್ಲಿ ಗಾಳಿ ಎದ್ದಿತು.

ಟ್ವೈಲಾ ಅಂಗಡಿಯ ಬಾಗಿಲಲ್ಲೇ ಸಿಕ್ಕಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಉಗುರಿನ ಸಂದಿಯಲ್ಲಿ ಗ್ರೀಸು. ಅಪ್ಪನ ಕಾಲದಿಂದಲೂ ಇದೇ ಕೆಲಸ: ಪಿಕಪ್ಪಿಗೆ ಟ್ರೇಲರು ಜೋಡಿಸುವ ಕೊಂಡಿ ಹಾಕುವುದು. ಲೊವೆಲ್ ಕೊಂಡ ಟ್ರೇಲರನ್ನು ಮಾರಿದವನು ಅವಳ ಅಂಗಳದಲ್ಲೇ ಬಿಟ್ಟು ಹೋಗಿದ್ದ. ಪುಟ್ಟದು, ಬಿಳಿ, ಪಕ್ಕೆಯಲ್ಲಿ ಒಂದು ನೀಲಿ ಪಟ್ಟಿ. ಲೊವೆಲ್ ಮೊದಲೇ ಒಮ್ಮೆ ಬಂದು ಒಳಗೆ ಸಾಮಾನು ಜೋಡಿಸಿದ್ದ. ನೋಡು ಎಂದು ಬಾಗಿಲು ತೆರೆದ. ಆರ್ವಿಡ್ ಬಗ್ಗಿ ಒಳಗೆ ಹೋದ. ಒಬ್ಬನ ಹಾಸಿಗೆ, ಒಂದು ಮಡಚುವ ಕುರ್ಚಿ. ಒಲೆಯ ಮೇಲೆ ನಾಲ್ಕು ಕೊಕ್ಕೆಗಳಿದ್ದವು. ಒಂದರಲ್ಲಿ ಮಾತ್ರ ಕಾಫಿ ಕಪ್ಪು ತೂಗುಹಾಕಿತ್ತು. ಉಳಿದ ಮೂರು ಕೊಕ್ಕೆ ಖಾಲಿ. ಹೊರಗೆ ಬಂದು, "ಪರವಾಗಿಲ್ಲ" ಎಂದ. ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ.

"ಮೂಕಿ ಭಾರ ನೋಡ್ಬಿಡೋಣ," ಎಂದು ಟ್ವೈಲಾ ಹಲಗೆಯನ್ನೂ, ಬಚ್ಚಲುಮನೆಯಲ್ಲಿ ಮೈತೂಕ ನೋಡುವ ಹಳೆಯ ಯಂತ್ರವನ್ನೂ ತಂದಳು. ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ಯಂತ್ರದ ಮೇಲೆ; ಟ್ರೇಲರಿನ ಮೂತಿಯನ್ನು ಇಟ್ಟಿಗೆಯ ಹತ್ತಿರ ಊರಿ, ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಬೇಕು. "ಹೊಸ ಮೀಟರು ತಗೋ ಅಂತಾರೆ ಎಲ್ಲಾರೂ. ನಮ್ಮಪ್ಪನ ಯಂತ್ರ ಇವತ್ತಿಗೂ ಸುಳ್ಳು ಹೇಳಿಲ್ಲ, ನನ್ನ ಮೈತೂಕ ಒಂದು ಬಿಟ್ಟು."

"ಆರ್ವಿಡ್ ಓದ್ಲಿ," ಎಂದ ಲೊವೆಲ್. "ತೂಕ ಅಂದ್ರೆ ಅವನದೇ. ಹಿಮ ಗುಡಿಸಿದ್ಯಾ ನೋಡ್ಕೊ."

ಹಿಮದ ಮಾತನ್ನು ಲೊವೆಲ್ ಆಡಿದ್ದು ಮೂರು ವರ್ಷದಲ್ಲಿ ಇದೇ ಮೊದಲು. ಆರ್ವಿಡ್ ಮಂಡಿಯೂರಿ ಕೂತು ಮುಳ್ಳನ್ನು ನೋಡಿದ. ಕಣ್ಣು ತುಂಬಿ ಅಂಕಿ ಕಲಸಿಹೋಯಿತು. ಒರೆಸಿಕೊಂಡು ಮತ್ತೆ ನೋಡಿ, "ನೂರೆಂಬತ್ತು. ಮೂರರಿಂದ ಅಂದ್ರೆ ಐನೂರ ನಲವತ್ತು. ಟ್ರೇಲರಿನ ತೂಕ ಎಷ್ಟು?" ಎಂದ.

"ನಾಲ್ಕು ಸಾವಿರದ ಮುನ್ನೂರು," ಎಂದಳು ಟ್ವೈಲಾ.

"ಹಾಗಾದ್ರೆ ಸರಿಯಾಗಿದೆ. ಹಿಂಭಾರ ಇಲ್ಲ."

ಒಳಗೆ ಮೇಜಿನ ಮೇಲೆ ಅವಳು ಸಾಮಾನು ಹರಡಿದಳು. ಬರೀ ಗುಂಡಿನ ಕೊಂಡಿ ಈ ಬಯಲಿಗೆ ಸಾಲದು ಎಂದು ಅದನ್ನು ಪಕ್ಕಕ್ಕೆ ಸರಿಸಿದಳು. ಉಳಿದದ್ದು ಎರಡು. ಒಂದರಲ್ಲಿ ಭಾರ ಹಂಚುವ ಕಂಬಿಗಳೇ ಓಲಾಟವನ್ನೂ ಹಿಡಿಯುತ್ತವೆ, ಎಲ್ಲ ಅದರೊಳಗೇ ಅಡಗಿದೆ. ಹಿಂದಕ್ಕೆ ತೆಗೆಯುವಾಗ ಏನನ್ನೂ ಬಿಚ್ಚಬೇಕಿಲ್ಲ. ಇನ್ನೊಂದು ಹಳೆಯ ತರಹದ್ದು, ಸರಳು ಬೇರೆ. ಆ ಸರಳನ್ನು ಕಂಡು ಆರ್ವಿಡ್ ಜೇಬಿನಲ್ಲಿ ಕೈ ಹಾಕಿಕೊಂಡ.

"ಹೋದ್ಸಲ ಯಾವುದಿತ್ತು?" ಎಂದು ಟ್ವೈಲಾ ಕೇಳಿದಳು. ಅವಳಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಆದರೆ ಕೇಳದೆ ಕೊಂಡಿ ಮಾರುವುದು ಅವಳ ಕಸುಬಲ್ಲ.

"ಸರಳಿಂದು. ಹಾಕಿರಲಿಲ್ಲ. ನಾನೇ ಮರೆತಿದ್ದೆ," ಎಂದ ಲೊವೆಲ್. ಎಷ್ಟೋ ಜನಕ್ಕೆ ಹೇಳಿ ಹೇಳಿ ಸವೆದ ಮಾತು. ಪಾದ್ರಿಗೆ ಹೇಳಿದ್ದ, ವಿವಿಯನ್‌ಳ ತಂಗಿಗೆ ಹೇಳಿದ್ದ. ಆ ತಂಗಿ ಅವತ್ತಿನಿಂದ ಇವನ ಜೊತೆ ಮಾತಾಡಿಲ್ಲ.

ಟ್ವೈಲಾ ತಲೆ ಎತ್ತದೆ ನಟ್ಟು ಬೋಲ್ಟುಗಳನ್ನು ಸರಿಮಾಡಿದಳು. "ನೀವೊಬ್ರೇ ಅಲ್ಲ ಬಿಡಿ. ಈ ಬಿಡಿ ಸರಳು ತಗೊಂಡೋರಲ್ಲಿ ಮೂರಕ್ಕೊಬ್ರು ಇನ್ನೊಂದು ಕೊಡು ಅಂತ ಬರ್ತಾರೆ. ಹಿಂದಕ್ಕೆ ತೆಗ್ಯೋಕೆ ಬಿಚ್ಚೋದು, ಹೋಗ್ಬರ್ತೀನಿ ಹೋಗ್ಬರ್ತೀನಿ ಅಂತ ಒಂದು ಗಂಟೆ ನಿಲ್ಲೋದು, ಅಲ್ಲೇ ಬಿಟ್ಟು ಹೋಗೋದು. ತಿಂಗಳಾದ್ಮೇಲೆ ಹುಲ್ಲು ಕತ್ತರ್ಸೋವಾಗ ಸಿಗುತ್ತೆ. ಅಲ್ಲಿ ಮೂಲೇಲಿ ನೋಡಿ, ಬೇಡ ಅಂತ ಎಸೆದು ಹೋದವು ಒಂದು ರಾಶಿ ಇದೆ."

"ಯಾವುದು ಆರ್ವಿಡ್?" ಎಂದ ಲೊವೆಲ್.

"ಇದು," ಎಂದು ಆರ್ವಿಡ್ ಮೊದಲನೆಯದನ್ನು ತೋರಿಸಿದ. "ಇದ್ರಲ್ಲಿ ಬಿಚ್ಚೋದೇ ಇಲ್ಲ. ಮರೆಯೋಕೆ ಏನೂ ಇಲ್ಲ." ಹೇಳುವಾಗ ಅವನಿಗೆ ಒಂದು ಬಗೆಯ ಹಗುರವೆನಿಸಿತು. ಇದನ್ನು ಹಾಕಿಸಿ ಕಳಿಸಿದರೆ ತಮ್ಮ ಸುರಕ್ಷಿತವಾಗಿ ಹೋಗಿಬರುತ್ತಾನೆ. ಗೋಣಿಯ ವಿಷಯ ಇವತ್ತೇ ಹೇಳಬೇಕೆಂದಿಲ್ಲ. ವಾಪಸು ಬಂದ ಮೇಲೆ ಹೇಳಿದರಾಯಿತು. ಈ ಮಾತು ಎಲ್ಲೋ ಕೇಳಿದ್ದೇನೆ ಎನಿಸಿ, ಎಲ್ಲಿ ಎಂದು ಹೊಳೆದಾಗ, ಅವನು ಮೇಜಿನ ಅಂಚು ಹಿಡಿದುಕೊಂಡ.

ಲೊವೆಲ್ ಎರಡನ್ನೂ ಬಹಳ ಹೊತ್ತು ನೋಡಿದ. ಕೊನೆಗೆ ಬಿಡಿ ಸರಳನ್ನು ಕೈಗೆತ್ತಿಕೊಂಡ. "ಇದನ್ನೇ ಹಾಕಮ್ಮ ಟ್ವೈಲಾ."

"ಯಾಕೋ?" ಎಂದ ಆರ್ವಿಡ್.

"ಅದ್ರಲ್ಲಿ ಮರೆಯೋಕೆ ಏನೂ ಇಲ್ಲ ಅಂದ್ಯಲ್ಲ, ಅದಕ್ಕೇ. ನಾನು ಪ್ರತಿ ಸಲ ಇಳಿದು, ನನ್ನ ಕೈಯಾರೆ ಹಾಕ್ಬೇಕು. ಅವಳಿಗೆ ಮಾಡ್ದೇ ಇದ್ದದ್ದು. ಈಗ ಮಾಡಿ ಏನು ಪ್ರಯೋಜನ ಅಂತೀಯಾ? ಪ್ರಯೋಜನ ಇಲ್ಲ. ಆದ್ರೂ ಮಾಡ್ತೀನಿ."

ಆರ್ವಿಡ್ ಹೊರಗೆ ಹೋದ. ಓಡಿಹೋಗುತ್ತಿದ್ದೇನೆ ಎಂದೇ ಅವನಿಗೂ ಅನಿಸಿತು. ಪಿಕಪ್ಪಿನ ಬಾಗಿಲು ತೆರೆದಾಗ ಗಾಳಿ ಅದನ್ನು ಕೈಯಿಂದ ಕಿತ್ತುಕೊಂಡಿತು. ಲೊವೆಲ್ ಎಪ್ಪತ್ತರ ಹತ್ತಿರದ ಮಂಡಿಗಳನ್ನು ಊರಿ, ಪ್ರತಿ ಪೆಟ್ರೋಲ್ ಬಂಕಿನಲ್ಲಿ, ಪ್ರತಿ ತಂಗುದಾಣದಲ್ಲಿ, ತಾನು ಮಾಡದ ತಪ್ಪಿಗೆ ಸರಳು ಸಿಕ್ಕಿಸುವುದು ಕಣ್ಣಿಗೆ ಕಟ್ಟಿತು. ಅದನ್ನು ತಾಳಲಾಗಲಿಲ್ಲ. ಗೋಣಿಯನ್ನು ಎತ್ತಿಕೊಂಡು ಒಳಗೆ ಬಂದು ಮೇಜಿನ ಮೇಲಿಟ್ಟು ಬಾಯಿ ಬಿಚ್ಚಿದ. "ನೀನು ಮರೆತದ್ದಲ್ಲ ಲೊವೆಲ್. ಬಿಚ್ಚಿದೋನು ನಾನು. ಹಾಕ್ತೀನಿ ಅಂದೋನೂ ನಾನೇ."

ಟ್ವೈಲಾ ಒಮ್ಮೆ ಸರಳನ್ನು ನೋಡಿದಳು, ಒಮ್ಮೆ ಅಣ್ಣತಮ್ಮಂದಿರನ್ನು. "ಫೋನ್ ಬಂತು ಅಂತ ಕಾಣುತ್ತೆ," ಎಂದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಫೋನು ಬಡಿದಿರಲಿಲ್ಲ.

ಲೊವೆಲ್ ತುಕ್ಕು ಹಿಡಿದ ಸರಳನ್ನು ಎತ್ತಿ, ಹಿಡಿಯನ್ನು ತಿರುಗಿಸಲು ನೋಡಿದ. ಅದು ಅಲ್ಲಾಡಲಿಲ್ಲ. "ಎಲ್ಲಿತ್ತು?"

"ಲೈಲಾಕ್ ಬುಡದಲ್ಲಿ. ನಾನೇ ಇಟ್ಟಿದ್ದೆ. ನೀವು ಕಿಟಕೀಲಿ ಮಾತಾಡ್ತಾ ನಿಂತ್ರಿ, ಅಂಚೆಯವನು ಬಂದ, ನೀನು ಹಿಮದ ಕಥೆ ಹೇಳ್ದೆ... ಮರೆತುಹೋಯ್ತು."

"ಅಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಆಸ್ಪತ್ರೇಲಿ ನೀನು ಕೇಳ್ದಾಗ ಹೇಳೋಕಾಗ್ಲಿಲ್ಲ. ಆಮೇಲೆ ಹೇಳೋಕೆ ಇನ್ನೂ ಕಷ್ಟ ಆಯ್ತು."

ಲೊವೆಲ್ ಅಲ್ಲಿದ್ದ ಸ್ಟೂಲಿನ ಮೇಲೆ ಕೂತ. ಸರಳು ತೊಡೆಯ ಮೇಲಿತ್ತು. ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ಆರ್ವಿಡ್ ತಿಳಿದ, ಆದರೆ ಅದು ನಗು, ಮೂರು ವರ್ಷದ ಹಿಂದೆ ಫೋನಿನ ಆಚೆಯಿಂದ ಕೇಳಿಸೀತೆಂದು ತಾನು ಹೆದರಿದ್ದ ನಗು. ಈಗ ಅದರಲ್ಲಿ ಚುಚ್ಚುವಂಥದ್ದು ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅದು ಅಳುವೂ ಆಯಿತು. "ಮೂರು ವರ್ಷ ಆರ್ವಿಡ್. ಬೆಳಿಗ್ಗೆ ಎದ್ದ ತಕ್ಷಣ ಮೊದಲು ಅದೇ. ಹಾಕಿದ್ನಾ, ಹಾಕ್ಲಿಲ್ವಾ. ಕೈ ನೋಡ್ಕೋತಿದ್ದೆ, ಕೈಗಾದ್ರೂ ನೆನಪಿರುತ್ತೇನೋ ಅಂತ." ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. "ಮರೆಯೋದು ಎಲ್ಲಾರೂ ಮರೀತಾರೆ. ಅದೇನು ದೊಡ್ಡದಲ್ಲ ಬಿಡು. ಬಿಚ್ಚಿಟ್ಟದ್ದನ್ನ ನಾನಾದ್ರೂ ಇಳಿದು ನೋಡ್ಬೇಕಿತ್ತು. ಇಬ್ರದೂ ಇದೆ."

ಇಲ್ಲಿಗೆ ಮುಗಿಯುತ್ತದೆ ಎಂದುಕೊಂಡ ಆರ್ವಿಡ್. ಮುಗಿಯಲಿಲ್ಲ.

"ಯಾವಾಗ ಸಿಕ್ತು ನಿನಗೆ?" ಎಂದು ಲೊವೆಲ್ ಕೇಳಿದ.

ಹತ್ತೂ ಹತ್ತು. ಅಂಕಿ ತಲೆಯೊಳಗೆ ಎದ್ದು ನಿಂತಿತು, ತೂಕದ ಅಂಕಿ ನಿಲ್ಲುವ ಹಾಗೆಯೇ. ಬಾಯಿ ತೆರೆದ. ಅವನು ಹೇಳಲೆಂದೇ ತೆರೆದ. ಅದನ್ನು ಮಾತ್ರ ಅವನ ಪರವಾಗಿ ಹೇಳಬಹುದು.

"ಹುಲ್ಲು ಕತ್ತರಿಸೋವಾಗಾ?" ಎಂದ ಲೊವೆಲ್, ಟ್ವೈಲಾ ಹೋದ ಬಾಗಿಲಿನ ಕಡೆ ಕೈ ತೋರಿಸಿ. "ಅವಳು ಹೇಳಿದ ಹಾಗೇನೇ?"

ಆರ್ವಿಡ್ ತಮ್ಮನ ಮುಖ ನೋಡಿದ. ಅದು ಆಗಷ್ಟೇ ತೊಳೆದ ಮುಖದಂತಿತ್ತು. ಮೂರು ವರ್ಷದಲ್ಲಿ ಕಾಣದ ಮುಖ.

"ಹೂಂ," ಎಂದ.

"ಅಂದುಕೊಂಡೆ. ಬೆಳಿಗ್ಗೇನೇ ಸಿಕ್ಕಿದ್ರೆ ನೀನು ಸುಮ್ನೆ ಇರೋನಾ? ಒಂದು ಚಮಚ ಬಿಟ್ಟುಹೋದ್ರೂ ಫೋನ್ ಮಾಡೋ ಪ್ರಾಣಿ ನೀನು."

"ಮಾಡ್ತಿದ್ದೆ," ಎಂದ ಆರ್ವಿಡ್.

ಲೊವೆಲ್ ಎದ್ದು ಬಂದು ಅಣ್ಣನ ಭುಜದ ಮೇಲೆ ಕೈಯಿಟ್ಟ. ಈ ಮನೆತನದಲ್ಲಿ ಗಂಡಸರು ಒಬ್ಬರನ್ನೊಬ್ಬರು ಮುಟ್ಟುವುದು ಶವಪೆಟ್ಟಿಗೆ ಎತ್ತುವಾಗ ಮಾತ್ರ. ಆ ಕೈ ಅಲ್ಲಿ ಬಹಳ ಹೊತ್ತು ಇತ್ತು, ಆರ್ವಿಡ್ ಅದರ ತೂಕವನ್ನು ತಾಳಿಕೊಂಡು ನಿಂತ. ಆ ಕ್ಷಮೆ ಬೇರೆ ಯಾರದೋ ವಿಳಾಸಕ್ಕೆ ಬಂದದ್ದು. ತಾನು ರುಜು ಹಾಕಿ ತೆಗೆದುಕೊಂಡಿದ್ದ.

ಟ್ವೈಲಾ ಹೊರಗೆ ಬಂದಾಗ ಲೊವೆಲ್, "ನಮ್ಮಣ್ಣ ಹೇಳಿದ್ದೇ ಹಾಕಮ್ಮ, ಬಿಚ್ಚೋ ಹಾಗಿಲ್ಲದ್ದು," ಎಂದ. ಅವಳು ಗೋಣಿಯಲ್ಲಿದ್ದ ಸರಳನ್ನು ಏನು ಮಾಡಲಿ ಎಂಬಂತೆ ನೋಡಿದಳು. "ಅದನ್ನ ನಿನಗೇ ಕೊಡೋಣ ಅಂತ ತಂದಿದ್ದು ಅವನು," ಎಂದು ಲೊವೆಲ್ ತಾನೇ ಅದನ್ನು ಮೂಲೆಯ ರಾಶಿಗೆ ಎಸೆದ. ಅದೇ ಕಪ್ಪು ಬಣ್ಣ, ಅದೇ ತುಕ್ಕಿನ ಹದಿನೈದಿಪ್ಪತ್ತು ಸರಳುಗಳು ಅಲ್ಲಿದ್ದವು. ಆರ್ವಿಡ್ ಒಂದು ಗಳಿಗೆ ಬೇರೆ ಕಡೆ ನೋಡಿ ಮತ್ತೆ ನೋಡುವುದರಲ್ಲಿ ತನ್ನದು ಯಾವುದೆಂದು ಗುರುತು ಸಿಗಲಿಲ್ಲ.

ಕೊಂಡಿ ಜೋಡಿಸಿ, ಮಟ್ಟ ನೋಡಿ, ಸುತ್ತ ಒಂದು ರೌಂಡು ಹೊಡೆಸಿ ಟ್ವೈಲಾ ಬಿಡುವಾಗ ಮೂರೂವರೆ. ವಾಪಸು ದಾರಿಯಲ್ಲಿ ಗಾಳಿ ಪಕ್ಕೆಗೆ ಹೊಡೆಯುತ್ತಿತ್ತು. ಟ್ರೇಲರು ಅಲುಗಲಿಲ್ಲ. ಲೊವೆಲ್ ಸಿಳ್ಳೆ ಹಾಕಿದ, ನಿಲ್ಲಿಸಿದ, ಮತ್ತೆ ಹಾಕಿದ. "ವಿವಿಯನ್ ತಂಗಿಗೆ ಫೋನ್ ಮಾಡ್ತೀನಿ ಈ ರಾತ್ರಿ. ನಿನ್ನ ಹೆಸರು ಹೇಳ್ಬೋದಾ?"

"ಹೇಳು."

"ಆಮೇಲೆ, ನೀನೂ ಬಾ ಬೆಟ್ಟಕ್ಕೆ. ಇನ್ನೊಂದು ಹಾಸಿಗೆಗೆ ಜಾಗ ಇದೆ. ಇನ್ನೊಂದು ಕಪ್ಪು ತಗೋತೀನಿ."

ವಿವಿಯನ್ ಕೂರುತ್ತಿದ್ದ ಜಾಗದಲ್ಲಿ ಕೂತು, ನದಿ ದಾಟಿ, ದಿಬ್ಬ ಹತ್ತಿ, ಆ ಬಯಲಲ್ಲಿ. "ನೋಡೋಣ," ಎಂದ ಆರ್ವಿಡ್. ಹೂಂ ಅನ್ನುವುದಕ್ಕೂ ಇಲ್ಲ ಅನ್ನುವುದ‌ಕ್ಕೂ ಇಲ್ಲಿಯ ಜನ ಇದನ್ನೇ ಹೇಳುತ್ತಾರೆ.

ಲೊವೆಲ್ ಅಂಗಳಕ್ಕೆ ಬರಲಿಲ್ಲ. ಹಿಂದಕ್ಕೆ ತೆಗೆಯುವ ತಾಪತ್ರಯ ಯಾಕೆ ಎಂದು ರಸ್ತೆಯಲ್ಲೇ ಇಳಿಸಿದ. ಹೋಗಿಬರುತ್ತೇನೆ ಎಂದು ಒಂದೇ ಸಲ ಹೇಳಿ ಹೊರಟುಬಿಟ್ಟ. ಆರ್ವಿಡ್ ಒಳಗೆ ಬಂದು, ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ಕೂತ. ಯಾವ ಕೊಂಡಿ ಹಾಕಿಸಿದಿರಿ ಎಂದು ಮಾರ್ಲಿಸ್ ಕೇಳಿದಳು. ಒಳ್ಳೆಯದು ಎಂದ. ಗೋಡೆಯ ಫೋನು ಬಡಿಯಿತು. ಅವಳು ಎತ್ತಿ, ನಕ್ಕು, ಇಟ್ಟಳು.

"ಲೊವೆಲ್. ನಿನ್ನ ಒಂದು ಕೈಗವುಸು ಅವನ ಗಾಡೀಲಿ ಉಳ್ಕೊಂಡಿದೆಯಂತೆ. ತರ್ತಿದಾನೆ."

"ಬೇಡ ಅನ್ಬೇಕಿತ್ತು. ಒಂದು ಕೈಗವುಸಿಗೆ ಯಾಕೆ."

"ಅಂದೆ. ಆಗ್ಲೇ ಗಾಡಿ ತಿರುಗಿಸಿಬಿಟ್ಟಿದಾನೆ. ಗಾಳಿ ಇದೆ, ಕೈ ಮರಗಟ್ಟುತ್ತೆ, ಅವನಿಗೆ ಬೇಕಾಗುತ್ತೆ ಅಂದ."

ಆರ್ವಿಡ್ ಗಡಿಯಾರ ನೋಡಿದ. ಎದ್ದು ರಸ್ತೆಗೆ ಹೋದ. ಲೈಲಾಕ್ ಗಿಡದಲ್ಲಿ ಮೊಗ್ಗು ಇನ್ನೂ ಬಿಗಿಯಾಗಿತ್ತು. ದೂರದಲ್ಲಿ ಬಿಳಿ ಟ್ರೇಲರು ಕಂಡಿತು, ನೇರವಾಗಿ, ಸ್ವಲ್ಪವೂ ಓಲಾಡದೆ ಹತ್ತಿರ ಬಂತು. ಅಷ್ಟು ದೂರದಿಂದ ಇಲ್ಲಿಗೆ ಬರಲು ಎರಡು ನಿಮಿಷ ಬೇಕಾಯಿತು, ಹೇಳಲು ಮನಸ್ಸು ಗಟ್ಟಿಮಾಡಿಕೊಳ್ಳುವುದಾದರೆ ಆ ಎರಡು ನಿಮಿಷವೂ ಅವನ ಕೈಯಲ್ಲೇ ಇತ್ತು. ಲೊವೆಲ್ ಕಿಟಕಿ ಇಳಿಸಿ ಕೈಗವುಸು ಚಾಚಿದ. ಆರ್ವಿಡ್ ತೆಗೆದುಕೊಂಡ.

"ಲೊವೆಲ್," ಎಂದ.

"ಏನು?"

ಎಂಜಿನ್ ಓಡುತ್ತಿತ್ತು. ಲೊವೆಲ್ ಕಿಟಕಿಗೆ ಮೊಳಕೈ ಊರಿ, ಎಷ್ಟು ಹೊತ್ತಾದರೂ ಕಾಯುವವನಂತೆ, ನಗುಮುಖದಿಂದ ಅವನನ್ನೇ ನೋಡುತ್ತಿದ್ದ.

"ಗಾಳಿ ಜೋರಾಗಿದೆ. ನಿಧಾನ ಹೋಗು," ಎಂದ ಆರ್ವಿಡ್.